ಹುರುಳಿ ಕಣದಲ್ಲಿ ವಿಮಾನ ಇಳಿಸಿದ್ದು

ವಿಮಾನ ಹಾರಿಸುವುದು ಕಷ್ಟ ಅಂತ ಯಾರಾದರೂ ಅಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಹಾರಿಸುವುದರಲ್ಲಿ ಏನು ಮಣ್ಣಿದೆ! ಗಾಳಿಗೆ ಮುಖ ಮಾಡಿ ಜೋರಾಗಿ ಓಡಿಸಿದರೆ ಅದು ತಾನಾಗೇ ಏಳುತ್ತದೆ, ಬೇಡ ಅಂದರೂ ಏಳುತ್ತದೆ. ಇಳಿಸುವುದು ಇದೆಯಲ್ಲ, ಅಲ್ಲಿ ಮನುಷ್ಯನ ಬಂಡವಾಳ ಬಯಲಾಗುತ್ತದೆ. ನನ್ನ ಬಂಡವಾಳ ಒಂದೂವರೆ ತಿಂಗಳಲ್ಲಿ ಮೂರು ಸಲ ಬಯಲಾಯಿತು. ಮೂರು ಸಲವೂ ವಿಮಾನದ್ದು ಏನಾದರೊಂದು ಮುರಿಯಿತು. ನನಗೆ ಮಾತ್ರ ಒಂದು ತರಚು ಗಾಯವೂ ಆಗಲಿಲ್ಲ. ಅದೊಂದು ಬೇರೆ ನಾಚಿಕೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಸೇರಿದ್ದ ಫ್ಲೈಯಿಂಗ್ ಸ್ಕೂಲಿನವರು, ಬೆಂಗಳೂರಿನ ಮೈದಾನದಲ್ಲಿ ಗಲಾಟೆ ಜಾಸ್ತಿ ಅಂತ, ಇಳಿಸುವ ವಿದ್ಯೆಯಲ್ಲಿ ಹಿಂದೆ ಬಿದ್ದ ಮೂವರನ್ನು ಆರಿಸಿ ಕೋಲಾರದ ಕಡೆಗೆ ಸಾಗಹಾಕಿದರು. ಟೇಕಲ್ ಬೆಟ್ಟ ಕಾಣುವಷ್ಟು ದೂರದಲ್ಲಿ, ಯುದ್ಧದ ಕಾಲದಲ್ಲಿ ಯಾರೋ ಹಾಕಿ ಮರೆತುಹೋದ ಒಂದು ಉದ್ದನೆಯ ರನ್‌ವೇ ಇತ್ತು. ಅದರ ನಡುಭಾಗದಲ್ಲಿ ಪಕ್ಕಕ್ಕೆ ಎರಡು ಡೇರೆ. ನಾವು ಮೂವರು, ಒಬ್ಬ ಮೇಷ್ಟ್ರು, ಒಬ್ಬ ಮೆಕ್ಯಾನಿಕ್, ಮತ್ತೆ ಒಂದು ಪುಟ್ಟ ವಿಮಾನ. ರೆಕ್ಕೆಗೆ ಬಟ್ಟೆ ಹೊದಿಸಿ ಬಣ್ಣ ಬಳಿದಿದ್ದರು. ಅಕ್ಕಪಕ್ಕ ಎರಡು ಸೀಟು, ಮೂತಿಗೆ ಮರದ ಫ್ಯಾನು, ಮುಂದೆ ಎರಡು ಚಕ್ರ, ಬಾಲಕ್ಕೊಂದು ಪುಟಾಣಿ ಚಕ್ರ. ಈ ಬಾಲದ ಚಕ್ರದ ವಿಮಾನಗಳಿಗೆ ಒಂದು ಕೆಟ್ಟ ಬುದ್ಧಿ. ನೆಲದ ಮೇಲೆ ಓಡುವಾಗ ನೀವು ಸ್ವಲ್ಪ ಮೈಮರೆತರೆ ಸಾಕು, ಬಾಲ ಮುಂದಕ್ಕೆ ಬಂದು ಗಿರಕಿ ಹೊಡೆದುಬಿಡುತ್ತವೆ.

ಜೊತೆಯ ಇಬ್ಬರಲ್ಲಿ ಮಾಲೂರಿನವನೊಬ್ಬ ರನ್‌ವೇ ಬರುವುದಕ್ಕೆ ಮುಂಚೆಯೇ ಇಳಿದುಬಿಡುವ ಗಿರಾಕಿ. ಒಮ್ಮೆ ಪಕ್ಕದ ಹಿಪ್ಪುನೇರಳೆ ತೋಟಕ್ಕೇ ಇಳಿದ. ತೋಟದವನು ಬೈಯಲಿಲ್ಲ, ಪಾಪ. ಚಕ್ರಕ್ಕೆ ಸುತ್ತಿಕೊಂಡಿದ್ದ ಸೊಪ್ಪು ಬಿಡಿಸಿ, ರೇಷ್ಮೆ ಹುಳಕ್ಕಾಗುತ್ತದೆ ಅಂತ ಬುಟ್ಟಿಗೆ ತುಂಬಿಕೊಂಡು ಹೋದ. ಇನ್ನೊಬ್ಬ ಇಳಿಯುತ್ತಲೇ ಇರಲಿಲ್ಲ. ನೆಲ ಹತ್ತಿರ ಬಂದ ಕೂಡಲೇ ಹೆದರಿ ಮತ್ತೆ ಮೇಲಕ್ಕೆ ಹೋಗುತ್ತಿದ್ದ. ಒಂದು ದಿನ ಹೀಗೆ ಏಳು ಸಲ ಮಾಡಿದ, ಕೊನೆಗೆ ಪೆಟ್ರೋಲ್ ಮುಗಿಯುತ್ತೆ ಅಂತ ಇಳಿದ. ಆದರೂ ನೋಡಿ, ಇಬ್ಬರೂ ಮೂರನೇ ವಾರಕ್ಕೆ ಸುಧಾರಿಸಿಕೊಂಡು ಮೇಷ್ಟ್ರು ಜೊತೆಗಿಲ್ಲದೆ ಒಬ್ಬೊಬ್ಬರೇ ಹಾರಿಸಿ ಪಾಸಾದರು. ಉಳಿದವನು ನಾನು.

ನನ್ನ ಕಾಯಿಲೆ ಬೇರೆ. ನಾನು ಮುಳಬಾಗಿಲಿನವನಾದರೂ ರಜೆಯಲ್ಲೆಲ್ಲ ಇರುತ್ತಿದ್ದುದು ಶ್ರೀನಿವಾಸಪುರದ ಹತ್ತಿರ, ಅಮ್ಮನ ತವರಿನ ಮಾವಿನ ತೋಟದಲ್ಲಿ. ದಿನ ಪೂರ್ತಿ ಮರದ ಮೇಲೆ. ಊಟಕ್ಕೆ ಕರೆದರೆ ಮಾತ್ರ ಕೊಂಬೆಯಿಂದ ನೆಲಕ್ಕೆ ಧೊಪ್ಪಂತ ಹಾರುವುದು. ಹಾಗಾಗಿ ನನ್ನ ಕಣ್ಣಿಗೆ ನೆಲ ಅಂದರೆ ಮಾವಿನ ಕೊಂಬೆಯಿಂದ ಕಂಡಷ್ಟು ದೂರ. ವಿಮಾನ ಇಳಿಸುವಾಗ ನೆಲದಿಂದ ಮೊಳದಷ್ಟು ಎತ್ತರಕ್ಕೆ ಬಂದಮೇಲೆ ಮೂತಿ ಮೇಲೆತ್ತಬೇಕು, ಆಗ ಅದು ಮೆತ್ತಗೆ ಕೂರುತ್ತದೆ. ನಾನು ಎರಡಾಳೆತ್ತರದಲ್ಲೇ ನೆಲ ಬಂತು ಅಂದುಕೊಂಡು ಮೂತಿ ಎತ್ತುತ್ತಿದ್ದೆ. ವೇಗ ಸತ್ತು, ಅಲ್ಲಿಂದ ವಿಮಾನ ನಾನು ಹಾರುತ್ತಿದ್ದ ಹಾಗೇ ಹಾರುತ್ತಿತ್ತು, ಧೊಪ್ಪಂತ.

ಮೇಷ್ಟ್ರು ಧಾರವಾಡದ ಕಡೆಯವರು. ಮಿಲಿಟರಿ ವಿಮಾನ ಹಾರಿಸಿ ನಿವೃತ್ತರಾದವರು. ಮೇಲಿನ ಸಾಲಿಗೆ ಹಲ್ಲು ಕಟ್ಟಿಸಿಕೊಂಡಿದ್ದರು.

"ಲೇ ತಮ್ಮಾ, ನೆಲ ಇನ್ನೂ ಕೆಳಗ ಐತಿ! ಎಲ್ಲಿ ಇಳಸಾಕತ್ತೀ, ಗಿಡದ ಮ್ಯಾಲ?" ಅಂತ ಅವರು ಕೂಗಿ ಮುಗಿಸುವಷ್ಟರಲ್ಲಿ ಮೊದಲನೇ ಅಪಘಾತ ಆಗಿಹೋಗಿತ್ತು. ಚಕ್ರದ ಕಂಬಿ ಬಗ್ಗಿತು. ಅವರ ಹಲ್ಲಿನ ಸೆಟ್ಟು ಬಾಯಿಂದ ಹಾರಿ ಕಾಲಡಿ ಬಿತ್ತು. ಅವರು ಬಗ್ಗಿ ಹುಡುಕುತ್ತಾ, ಹಲ್ಲಿಲ್ಲದ ಬಾಯಲ್ಲಿ ನನ್ನ ವಂಶವನ್ನೆಲ್ಲ ಜಾಲಾಡಿದರು. ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಭಾವ ಚೆನ್ನಾಗಿ ಅರ್ಥವಾಯಿತು.

ಅವತ್ತಿನಿಂದ ಅವರೊಂದು ಪದ್ಧತಿ ಇಟ್ಟುಕೊಂಡರು. ನಾನು ಇಳಿಸಲು ಹೊರಟ ಕೂಡಲೇ ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. ಮಿಕ್ಕಿಬ್ಬರ ಜೊತೆ ಕೂತಾಗ ಹೀಗೆ ಮಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಮನುಷ್ಯ ಹಲ್ಲು ಕಳಚಿ ಜೇಬಿಗಿಟ್ಟುಕೊಂಡು ಕಣ್ಣು ಮುಚ್ಚಿದರೆ, ಹೇಳಿ, ಯಾರಿಗೆ ತಾನೇ ವಿಮಾನ ಇಳಿಸಲು ಕೈ ಬರುತ್ತದೆ? ಎರಡನೇ ಸಲ ಕುಪ್ಪಳಿಸಿ ಕುಪ್ಪಳಿಸಿ ಹೋಗಿ ಬಾಲದ ಚಕ್ರ ಮುರಿದೆ. ಹಲ್ಲು ಮಾತ್ರ ಜೇಬಿನಲ್ಲಿ ಕ್ಷೇಮವಾಗಿತ್ತು.

ಮೂರನೇ ಸಲದ್ದು ಹುರುಳಿಯ ಕಥೆ.

ಸುಗ್ಗಿಯ ಕಾಲಕ್ಕೆ ನಮ್ಮ ಕಡೆ ರಸ್ತೆಯಲ್ಲಿ ಹೋದವರಿಗೆ ಗೊತ್ತು. ರಾಗಿಯೋ ಹುರುಳಿಯೋ, ಕೊಯ್ದು ತಂದದ್ದನ್ನು ಟಾರು ರಸ್ತೆಯ ಮೇಲೆ ಹರವಿಬಿಡುತ್ತಾರೆ. ಬಸ್ಸು ಲಾರಿ ಮೇಲೆ ಹಾದು ಹಾದು ಕಾಳು ಉದುರುತ್ತದೆ. ತುಳಿಸಲು ಎತ್ತು ಬೇಡ, ಉರುಳಿಸಲು ಗುಂಡುಕಲ್ಲು ಬೇಡ. ಹೀಗಿರುವಾಗ ಊರ ಪಕ್ಕದಲ್ಲಿ ಅಷ್ಟಗಲ ಟಾರು ಸುಮ್ಮನೆ ಬಿದ್ದಿದ್ದರೆ ಯಾರು ಬಿಡುತ್ತಾರೆ? ಒಂದು ಬೆಳಿಗ್ಗೆ ನೋಡಿದರೆ ರನ್‌ವೇಯ ಶುರುವಿನಲ್ಲೇ, ನಾವು ಇಳಿಯುವ ಕಡೆಯೇ, ಒಂದು ಅಂಚಿಗೆ ಉದ್ದಕ್ಕೂ ಹುರುಳಿ ಹರವಿತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ ಮೊರ ಹಿಡಿದು ನಿಂತಿದ್ದಳು. ಮೇಷ್ಟ್ರು ಓಡಿದರು. ನಾವೂ ಹಿಂದೆ ಓಡಿದೆವು, ತಮಾಷೆ ನೋಡಲು.

"ಯಮ್ಮಾ, ಇದು ವಿಮಾನ ಇಳಿಯೋ ಜಾಗ. ಇಲ್ಲಿ ಹಿಂಗ ಹರವಬಾರದು!"

"ಇಳೀರಿ ಸಾಮಿ, ಬ್ಯಾಡ ಅಂದೋರ್ಯಾರು? ಬಸ್ಸೂ ಹುಳ್ಳಿ ಮ್ಯಾಲೇ ಹೋಗ್ತದೆ. ಬಸ್ಸಿಗಿಲ್ಲದ ದೌಲತ್ತು ನಿಮ್ಮ ಗಾಡಿಗ್ಯಾಕೆ?"

"ಬಸ್ಸು ಬ್ಯಾರೆ, ಇದು ಬ್ಯಾರೆ!"

"ಅದೂ ಹೌದು ಅನ್ನಿ. ಹಗೂರ ಕಾಣ್ತದೆ ನಿಮ್ಮದು," ಅಂತ ಅಜ್ಜಿ ವಿಮಾನದ ಕಡೆ ನೋಡಿ ಸ್ವಲ್ಪ ಯೋಚಿಸಿ, "ನಾಕು ಸುತ್ತು ಜಾಸ್ತಿ ಓಡ್ಸಿ, ಸರಿಹೋಗ್ತದೆ" ಅಂದಳು.

ಮಿಲಿಟರಿಯಲ್ಲಿ ಏನೇನೋ ನೋಡಿದ್ದ ಮನುಷ್ಯ ಅಲ್ಲಿ ಸೋತರು. ಅಂಚಿನಲ್ಲಿ ಮಾತ್ರ ಹರವಬೇಕು, ನಡುವೆ ಬರಬಾರದು ಅಂತ ಒಪ್ಪಂದವಾಯಿತು. ಅಜ್ಜಿಯಿಂದ ನಮಗೂ ಉಪಯೋಗವಾಯಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ತೋರಿಸಲು ಕಂಬಕ್ಕೆ ಕಟ್ಟಿದ್ದ ಬಟ್ಟೆಯ ಚೀಲ ಹರಿದುಹೋಗಿತ್ತು. ಅವಳು ಮೊರ ಎತ್ತಿ ಹುರುಳಿ ತೂರಿದರೆ ಹೊಟ್ಟು ಹಾರುವ ದಿಕ್ಕು ನೋಡಿಕೊಂಡೇ ನಾವು ವಿಮಾನ ತಿರುಗಿಸುತ್ತಿದ್ದೆವು.

ಆದರೆ ನನ್ನ ಪಾಲಿಗೆ ಅಂಚು ಯಾವುದು, ನಡು ಯಾವುದು! ಐದನೇ ವಾರದಲ್ಲಿ ಒಂದು ದಿನ, ಎಂದಿನಂತೆ ಮಾವಿನ ಮರದೆತ್ತರದಿಂದ ಧೊಪ್ಪಂತ ಬಿದ್ದು, ಕುಪ್ಪಳಿಸಿ, ಪಕ್ಕಕ್ಕೆ ವಾಲಿ ನೇರವಾಗಿ ಹುರುಳಿಯೊಳಕ್ಕೆ ನುಗ್ಗಿದೆ. ಕಡ್ಡಿ ಚಕ್ರಕ್ಕೆ ಸುತ್ತಿಕೊಂಡಿತು. ಬಾಲ ಮೇಲೆದ್ದಿತು, ಮೂತಿ ನೆಲಕ್ಕೆ ಕುಟ್ಟಿತು, ಮರದ ಫ್ಯಾನು ಲಟಕ್ಕಂತ ಎರಡು ತುಂಡಾಯಿತು. ನಾನೂ ಮೇಷ್ಟ್ರೂ ಬೆಲ್ಟಿನಲ್ಲಿ ನೇತಾಡುತ್ತಿದ್ದೆವು. ಅಜ್ಜಿ ಓಡಿಬಂದಳು. ನಮ್ಮನ್ನು ಕೇಳುತ್ತಾಳೆ ಅಂದುಕೊಂಡರೆ, ಮೊದಲು ಬಗ್ಗಿ ಹುರುಳಿ ನೋಡಿದಳು.

"ಪರವಾಗಿಲ್ವೇ! ಒಂದೇ ಏಟಿಗೆ ಅರ್ಧ ಉದುರೋಯ್ತು," ಅಂದಳು. ಆಮೇಲೆ ತಲೆ ಎತ್ತಿ, "ಬದ್ಕಿದೀರಾ ನಾಯನಾ?" ಅಂದಳು.

ಮುರಿದ ಫ್ಯಾನಿನ ಒಂದು ತುಂಡನ್ನು ಅವಳು ಕೇಳಿ ಇಸಕೊಂಡಳು. ಹುರುಳಿ ಬಡಿಯಲು ಒಳ್ಳೇ ದೊಣ್ಣೆಯಾಯಿತು ಅದು. ನನ್ನ ತರಬೇತಿಯಿಂದ ಆ ಸೀಮೆಗೆ ಆದ ಲಾಭ ಅಂದರೆ ಅದೊಂದೇ.

ಮರುವಾರ ಬೆಂಗಳೂರಿನ ಸ್ಕೂಲಿನ ದೊಡ್ಡ ಸಾಹೇಬರಿಂದ ಕಾಗದ ಬಂತು. ಶಿಬಿರ ಮುಗಿಯುವುದರೊಳಗೆ ಈ ಹುಡುಗ ಒಬ್ಬನೇ ಹಾರಿಸಿ ಇಳಿಸಬೇಕು. ಇನ್ನೊಂದು ಸಲ ವಿಮಾನಕ್ಕೆ ಏನಾದರೂ ಜಖಂ ಆದರೆ ಹೆಸರು ಹೊಡೆದುಹಾಕಿ ಮನೆಗೆ ಕಳಿಸುವುದು. ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿ ತಡಕೊಳ್ಳುತ್ತಿದ್ದೆ. ಆದರೆ ಇನ್ನೊಂದು ಕಾಗದ ಮುಳಬಾಗಿಲಿಗೆ, ಅಪ್ಪನಿಗೆ ಹೋಗಿತ್ತು. 'ನನ್ನ ಮಗ ತರಬೇತಿ ಮುಂದುವರಿಸಲು ನನ್ನ ಒಪ್ಪಿಗೆ ಇದೆ, ಇಲ್ಲ' ಅಂತ ಅಚ್ಚಾಗಿತ್ತು. ಬೇಡವಾದದ್ದನ್ನು ಹೊಡೆದು, ಸಹಿ ಮಾಡಿ, ಕೊನೆಯ ದಿನದೊಳಗೆ ಮೇಷ್ಟ್ರಿಗೆ ಮುಟ್ಟಿಸಬೇಕು. ಅದರ ನಕಲೊಂದು ನಮಗೆ ಬಂದ ಕಾಗದದ ಜೊತೆಗಿತ್ತು. ವಿಮಾನ ಹೇಗೋ ಇಳಿಸಬಹುದು, ಅಪ್ಪನ್ನ ಇಳಿಸುವುದು ಹೇಗೆ?

ಅಪ್ಪ ಪತ್ರ ಬರೆಯುವವರು. ರಿಜಿಸ್ಟ್ರಾರ್ ಕಚೇರಿ ಮುಂದೆ ಹೊಂಗೆ ಮರದಡಿ ಒಂದು ಇಳಿಜಾರು ಪೆಟ್ಟಿಗೆ ಇಟ್ಟುಕೊಂಡು ಮೂವತ್ತು ವರ್ಷ ಕ್ರಯಪತ್ರ, ವಿಭಾಗಪತ್ರ ಬರೆದವರು. ಅಕ್ಷರ ಅಂದರೆ ಮುತ್ತು. ದಿನಾ ನೂರಾರು ಹೆಬ್ಬೆಟ್ಟನ್ನು ತಮ್ಮ ಕೈಯಾರೆ ಹಿಡಿದು, ಇಂಕಿಗೆ ಅದ್ದಿ, ಕಾಗದಕ್ಕೆ ಒತ್ತಿಸಿದ್ದರು. ಮನೆಗೆ ಬಂದು ಕೈ ತೊಳೆಯುತ್ತಾ ನನಗೆ ಹೇಳುತ್ತಿದ್ದುದು ಒಂದೇ ಮಾತು. "ಹೆಬ್ಬೆಟ್ಟು ಒತ್ತೋನಿಗೆ ತಾನು ಏನಕ್ಕೆ ಒಪ್ಕೊಂಡೆ ಅಂತಾನೇ ಗೊತ್ತಿರಲ್ಲ ಕಣೋ. ಬರೆದೋನನ್ನ ನಂಬಿ ಒತ್ತಬೇಕು. ನನ್ನ ಮನೇಲಿ ಆ ಗತಿ ಯಾರಿಗೂ ಬರಬಾರದು." ನಾನು ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಸಹಿ ಹಾಕುತ್ತಾ ಕೂರಬೇಕು ಅಂತ ಅವರ ಆಸೆ. ವಿಮಾನ ಅಂದಾಗ ಮಾತು ಬಿಟ್ಟರು. ಆರು ತಿಂಗಳು ಒಂದೇ ಮನೆಯಲ್ಲಿದ್ದುಕೊಂಡು, "ಅವನನ್ನ ಊಟಕ್ಕೆ ಕರೀ" ಅಂತ ಅಮ್ಮನಿಗೆ ಹೇಳುತ್ತಿದ್ದರು, ನಾನು ಎದುರಿಗೇ ಕೂತಿದ್ದರೂ. ಅವರ ಪೆನ್ನು ಯಾವ ಪದವನ್ನು ಹೊಡೆಯುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಅವತ್ತು ಸಂಜೆ ಹುರುಳಿ ಮೆದೆಯ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅಜ್ಜಿ ಫ್ಯಾನಿನ ತುಂಡಿನಿಂದ ಹುರುಳಿ ಬಡಿಯುತ್ತಿದ್ದಳು.

"ಒರೇ ನಾಯನಾ, ಒಂದ್ ಮಾತು ಕೇಳ್ತೀನಿ. ಕೆಳಗೆ ಬರೋವಾಗ ನೀನು ಏನು ನೋಡ್ತೀಯ?"

"ನೆಲ ನೋಡ್ತೀನಿ ಅಜ್ಜಿ."

"ನೆಲ ಯಾರಿಗೆ ಕಾಣ್ತದೆ ಅಷ್ಟೆತ್ತರದಿಂದ! ಬರೀ ಕರ್ರಗೆ ಕಾಣ್ತದೆ. ಮೇವು ತುಂಬಿದ ಗಾಡಿ ಮ್ಯಾಲಿಂದ ನಾವು ಜಾರ್ತೀವಲ್ಲ, ಕೆಳಗಿನ ಹುಲ್ಲು ನೋಡ್ಕೊಂಡು ಜಾರೋದು. ಹುಲ್ಲು ಹಾಸಿದಂಗೆ ಕಂಡ್ರೆ ಇನ್ನೂ ಎತ್ತರ. ಒಂದೊಂದೇ ಕಡ್ಡಿ ಬ್ಯಾರೆ ಬ್ಯಾರೆ ಕಂಡ್ರೆ, ಕಾಲು ಊರು."

ಥೂ ನನ್ನ! ಆರು ವಾರ ಇಂಗ್ಲಿಷ್ ಪುಸ್ತಕ ಓದಿ ತಲೆಗೆ ಹೋಗದ್ದು ಒಂದು ಮಾತಿನಲ್ಲಿ ಹೋಯಿತು. ಮರುದಿನ ಹೊಸ ಫ್ಯಾನು ಹಾಕಿದ ವಿಮಾನದಲ್ಲಿ ಕೂತು, ಅಂಚಿನ ಹುರುಳಿಯನ್ನೇ ನೋಡುತ್ತಾ ಬಂದೆ. ಹಾಸಿದ ಹಾಗೆ ಕಂಡಿತು, ಕೈ ಅಲ್ಲಾಡಿಸಲಿಲ್ಲ. ಇನ್ನೂ ಇಳಿದೆ. ಕಡ್ಡಿ ಒಂದೊಂದೇ ಕಂಡವು. ಮೂತಿ ಎತ್ತಿದೆ. ವಿಮಾನ ಕೂತದ್ದು ನನಗೇ ಗೊತ್ತಾಗಲಿಲ್ಲ. ಮೇಷ್ಟ್ರು ಕಣ್ಣು ಬಿಟ್ಟು, "ಇಳಿದ್ವೇನಲೇ?" ಅಂತ ಕೇಳಿದರು. ನಾಲ್ಕು ದಿನ ಹಾಗೇ ಇಳಿಸಿದೆ. ನಾಲ್ಕನೆಯ ದಿನ ಅವರ ಹಲ್ಲು ಬಾಯಲ್ಲೇ ಇತ್ತು. ಅದನ್ನು ನೋಡಿ ನನಗೆ ಬಂದ ಸಂತೋಷ ಮುಂದೆ ಲೈಸೆನ್ಸ್ ಬಂದಾಗಲೂ ಬರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಮೇಷ್ಟ್ರು ಅಜ್ಜಿ ಹತ್ತಿರ ಹೋಗಿ ಕೈ ಮುಗಿದರು. "ಯಮ್ಮಾ, ಇವತ್ತೊಂದಿನ ಎಲ್ಲಾ ತಗದುಬಿಡು. ಈ ಹುಡುಗ ಒಬ್ಬನ ಹಾರಸ್ತಾನ. ಚಕ್ರಕ್ಕ ಒಂದ್ ಕಡ್ಡಿ ಸಿಕ್ಕರೂ ಅವನ ಜೀವನ ಹೋತು." ಅಜ್ಜಿ ಊರಿನ ನಾಲ್ಕು ಹೆಂಗಸರನ್ನು ಕರೆದು ತಂದು ಅಷ್ಟೂ ಹುರುಳಿ ಬಾಚಿ, ಪೊರಕೆ ಹಾಕಿ ಗುಡಿಸಿದಳು. ಹುರುಳಿ ಇಲ್ಲದಿದ್ದರೆ ಕಡ್ಡಿ ಎಲ್ಲಿಂದ ಕಾಣಬೇಕು? ಬರೀ ಕರೀ ಟಾರು. ಅಜ್ಜಿ ಹತ್ತಿರ ಹೋಗಿ, "ಇನ್ನು ನೆಲ ಕಾಣಲ್ಲ ಅಜ್ಜಿ, ನನ್ನ ಕಥೆ ಮುಗೀತು" ಅಂದೆ. "ನೋಡಾಣ ಸುಮ್ಕಿರು," ಅಂದಳು.

ಅಷ್ಟರಲ್ಲಿ ದೂರದಲ್ಲಿ ಒಂದು ಕಪ್ಪು ಕೊಡೆ ಕಂಡಿತು. ಬಿಳೀ ಪಂಚೆ, ಕೋಟು, ಕಂಕುಳಲ್ಲಿ ಬಟ್ಟೆಯ ಚೀಲ. ಅಪ್ಪ! ಕಾಗದವನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ಪತ್ರ ಬರೆಯುವವರಿಗೆ ಅಂಚೆಯ ಮೇಲೆ ನಂಬಿಕೆ ಇಲ್ಲ. ಎರಡು ಬಸ್ಸು ಬದಲಾಯಿಸಿ, ಉಳಿದದ್ದು ನಡೆದು ಬಂದಿದ್ದರು. ನನ್ನ ಕಡೆ ನೋಡಲಿಲ್ಲ. ನೇರ ಮೇಷ್ಟ್ರ ಮುಂದೆ ನಿಂತು ಚೀಲದಿಂದ ಕಾಗದ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿದರು.

"ಯಾವುದನ್ನ ಹೊಡೀಬೇಕು ಅಂತ ಮನೇಲೇ ತೀರ್ಮಾನ ಮಾಡ್ಕೊಂಡು ಬಂದಿದ್ದೀನಿ ಸ್ವಾಮಿ. ನಿಮ್ಮೆದುರಿಗೆ ಸಹಿ ಹಾಕ್ತೀನಿ. ಇವನನ್ನ ಮಧ್ಯಾಹ್ನದ ಬಸ್ಸಿಗೆ ಕರ್ಕೊಂಡು ಹೋಗ್ತೀನಿ."

"ರಾಯರ, ಪೆನ್ನು ಸ್ವಲ್ಪ ಕಿಸೆದಾಗ ಇಡ್ರಿ," ಅಂದರು ಮೇಷ್ಟ್ರು. "ಬಂದೀರಿ, ಒಂದ್ ಸುತ್ತು ನೋಡ್ರಿ. ಆಮ್ಯಾಲ ಏನ್ ಬೇಕಾದ್ರೂ ಗೀಚ್ರಿ."

ಅಪ್ಪನಿಗೆ ಗೀಚುವುದು ಅನ್ನುವ ಮಾತು ಹಿಡಿಸಲಿಲ್ಲ. ಆದರೂ ಮೆಕ್ಯಾನಿಕ್ಕಿನ ಸಾಮಾನು ಪೆಟ್ಟಿಗೆಯ ಮೇಲೆ ಕೊಡೆ ಬಿಚ್ಚಿಕೊಂಡು ಕೂತರು. ಅವರಿಗೆ ಚಹಾ ಕೊಟ್ಟು, ವಿಮಾನಕ್ಕೆ ಪೆಟ್ರೋಲ್ ತುಂಬಿಸಿ, ಮೆಕ್ಯಾನಿಕ್ ಎಲ್ಲ ತಪಾಸಣೆ ಮಾಡುವಷ್ಟರಲ್ಲಿ ಒಂದು ಗಂಟೆ ಕಳೆಯಿತು. ಈ ಒಂದು ಗಂಟೆ ರನ್‌ವೇಯ ಆ ತುದಿಯಲ್ಲಿ ಏನು ನಡೆಯುತ್ತಿದೆ ಅಂತ ನಮ್ಮಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಡೇರೆ ಇದ್ದ ನಡುಭಾಗದಿಂದಲೇ ನಾನು ಹಾರಿದೆ. ಪಕ್ಕದ ಸೀಟು ಖಾಲಿ. ಮೇಷ್ಟ್ರ ಭಾರ ಇಲ್ಲದೆ ವಿಮಾನ ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯಿತು. ಕೆಳಗೆ ಕೆರೆ, ಕೆರೆಯಾಚೆ ರಾಗಿ ಕೊಯ್ದ ಹೊಲಗಳು, ಆ ಕಡೆ ಬೆಟ್ಟ. ಚೆನ್ನಾಗಿತ್ತು ಅಂತ ಹೇಳಬೇಕು, ಆದರೆ ನಾನು ನೋಡಿದರೆ ತಾನೇ! ಇಳಿಸುವ ಚಿಂತೆಯಲ್ಲಿ ಬೆವರಿನಿಂದ ಅಂಗಿ ಬೆನ್ನಿಗಂಟಿತ್ತು. ಸುತ್ತು ಹಾಕಿ ರನ್‌ವೇಗೆ ನೇರ ಬಂದೆ. ಕರೀ ಟಾರಿನ ಶುರುವಿನಲ್ಲಿ, ನಾನು ದಿನಾ ಚಕ್ರ ಊರುತ್ತಿದ್ದ ಜಾಗದಲ್ಲಿ, ಎರಡು ಕೋಣೆಯಷ್ಟಗಲ ಏನೋ ಹಸಿರುಗಂದು ಬಣ್ಣದ ಚೌಕ. ಅದರ ನಡುವೆ ಏನೋ ಬೆಳ್ಳಗೆ. ಏನಪ್ಪಾ ಇದು ಗ್ರಹಚಾರ ಅಂದುಕೊಂಡೆ. ಮತ್ತೆ ಮೇಲಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಬೆಳ್ಳಗಿದ್ದದ್ದು ಗೆರೆ ಗೆರೆಯಾಗಿ ಕಂಡಿತು. ರಂಗೋಲಿ! ಗೆರೆ ಕಂಡಿತು, ಕೈ ಅಲ್ಲಾಡಿಸಲಿಲ್ಲ. ಇನ್ನೂ ಇಳಿದೆ. ಗೆರೆಗಳ ನಡುವೆ ಚುಕ್ಕಿ ಒಂದೊಂದೇ ಬೇರೆ ಬೇರೆ ಕಂಡವು. ಮೂತಿ ಎತ್ತಿದೆ.

ಅಂಥ ಲ್ಯಾಂಡಿಂಗ್ ನಾನು ಆಮೇಲೆ ಇಪ್ಪತ್ತು ವರ್ಷ ವಿಮಾನ ಹಾರಿಸಿದರೂ ಮತ್ತೆ ಮಾಡಲಿಲ್ಲ. ಮೂರೂ ಚಕ್ರ ಒಟ್ಟಿಗೆ, ಹೂವಿನ ಹಾಗೆ. "ಇಳಿದೆ ಕಣ್ರೋ!" ಅಂತ ಒಬ್ಬನೇ ಕಿರುಚಿದೆ. ಕಿರುಚು ಮುಗಿಯುವ ಮುಂಚೆ ಚಕ್ರ ಜಾರಿತು. ಅಜ್ಜಿ ಸಾರಿಸಿದ್ದ ಸಗಣಿ ಇನ್ನೂ ಹಸಿ. ಒಂದು ಚಕ್ರ ಒಣ ಟಾರಿಗೆ ಸಿಕ್ಕಿ ಕಚ್ಚಿಕೊಂಡಿತು, ಇನ್ನೊಂದು ಸಗಣಿಯಲ್ಲಿ ತೇಲಿತು. ಬಾಲ ಮುಂದಕ್ಕೆ ಬಂತು. ಆಕಾಶ, ಬೆಟ್ಟ, ಡೇರೆ, ಮತ್ತೆ ಬೆಟ್ಟ. ಒಂದೂವರೆ ಸುತ್ತು ಗಿರಕಿ ಹೊಡೆದು ವಿಮಾನ ನಾನು ಬಂದ ಕಡೆಗೇ ಮುಖ ಮಾಡಿ ನಿಂತಿತು. ಇಂಜಿನ್ ಕೆಮ್ಮಿ ಆರಿತು. ಎದುರಿನ ಗಾಜಿನ ತುಂಬ ಸಗಣಿ. ನನ್ನ ಕಥೆ ಮುಗಿಯಿತು ಅಂತ ಕಣ್ಣಲ್ಲಿ ನೀರು ಬಂತು.

ಪಕ್ಕದ ಕಿಟಕಿಯಿಂದ ನೋಡುತ್ತೇನೆ, ಎಲ್ಲರಿಗಿಂತ ಮುಂದೆ ಅಪ್ಪ ಓಡಿಬರುತ್ತಿದ್ದಾರೆ! ನಮ್ಮಪ್ಪ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಬಸ್ಸು ತಪ್ಪಿದರೂ ಓಡುವವರಲ್ಲ. ಕೊಡೆ ಎಲ್ಲೋ ಬಿಸಾಡಿದ್ದರು. ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು, ಬರಿಗಾಲಲ್ಲಿ, ನನ್ನ ಹೆಸರು ಹಿಡಿದು ಕೂಗುತ್ತಾ ಬಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ನನ್ನ ಹೆಸರು. ಸಗಣಿಗೆ ಕಾಲಿಟ್ಟರು. ಎರಡೂ ಕಾಲು ಮೇಲೆ ಹೋದವು. ಬಲಗೈ ಊರಿಕೊಂಡು ಬಿದ್ದು, ಕೂತಲ್ಲೇ ಜಾರುತ್ತಾ ಬಂದು ವಿಮಾನದ ಚಕ್ರಕ್ಕೆ ತಗುಲಿ ನಿಂತರು. ನಾನು ಬೆಲ್ಟು ಬಿಚ್ಚಿ ಇಳಿದು ಓಡಿದೆ.

"ಏನಾದ್ರೂ ಮುರೀತೇನೋ?" ಅಂದರು ಏದುಸಿರು ಬಿಡುತ್ತಾ.

"ಏನೂ ಮುರಿದ ಹಾಗಿಲ್ಲ ಅಪ್ಪ. ರೆಕ್ಕೆ, ಚಕ್ರ, ಫ್ಯಾನು ಎಲ್ಲಾ ನೆಟ್ಟಗಿದೆ."

"ವಿಮಾನದ ಮನೆ ಹಾಳಾಗ್ಲಿ! ನಿಂಗೆ, ನಿಂಗೇನಾಯ್ತೋ?"

ಏನೂ ಆಗಿಲ್ಲ ಅಂತ ತಲೆ ಅಲ್ಲಾಡಿಸಿದೆ. ಅವರು ಎಡಗೈಯಿಂದ ನನ್ನ ಮುಖ, ಹೆಗಲು, ಮೊಣಕೈ ಎಲ್ಲ ಮುಟ್ಟಿ ನೋಡಿ, ಅಷ್ಟಕ್ಕೂ ಸಗಣಿ ಬಳಿದರು. ಬಲಗೈ ಮಣಿಕಟ್ಟು ಆಗಲೇ ಊದಿ ಬದನೆಕಾಯಿಯಾಗಿತ್ತು.

ಮೇಷ್ಟ್ರು ಬಂದು ಅಜ್ಜಿ ಮೇಲೆ ಹರಿಹಾಯ್ದರು. "ಗುಡಿಸು ಅಂದ್ರ ಸಾರಸ್ತಾರೇನ ಯಮ್ಮಾ?"

"ಹುಲ್ಲಿಲ್ದಿದ್ರೆ ನೆಲ ಕಾಣಲ್ಲ ಅಂತ ಮಗು ಅಳ್ತಿತ್ತು. ಕಾಣ್ಲಿ ಅಂತ ರಂಗೋಲಿ ಬಿಟ್ಟೆ," ಅಂದಳು ಅಜ್ಜಿ. "ಸಾರಿಸ್ದೆ ಬರೀ ನೆಲದ ಮ್ಯಾಲೆ ರಂಗೋಲಿ ಬಿಡ್ತಾರಾ ಸಾಮಿ? ಶುಭಕಾರ್ಯ ಅಲ್ವಾ ಇದು, ಅಷ್ಟೂ ಗೊತ್ತಿಲ್ವಾ?"

ಮೆಕ್ಯಾನಿಕ್ ವಿಮಾನದ ಅಡಿಯಲ್ಲಿ ತೂರಿಕೊಂಡು ಅರ್ಧ ಗಂಟೆ ಒಂದೊಂದೇ ಬೋಲ್ಟು ಮುಟ್ಟಿ ನೋಡಿದ. ಹೊರಗೆ ಬಂದು, "ತೊಳೀಬೇಕು ಸಾರ್, ಅಷ್ಟೇ. ಬೇರೇನೂ ಇಲ್ಲ" ಅಂದ. ಮೇಷ್ಟ್ರು ನನ್ನ ಕಡೆ ತಿರುಗಿದರು.

"ಇಳಿದದ್ದು ನೀನು. ತಿರುಗಿಸಿದ್ದು ಸಗಣಿ. ಪಾಸ್."

ಇನ್ನು ಉಳಿದದ್ದು ಅಪ್ಪನ ಕಾಗದ. ಅಪ್ಪನ ಕೈಗೆ ಮೊದಲು ಕಟ್ಟು ಕಟ್ಟಬೇಕಿತ್ತು. ಅಜ್ಜಿಯ ಮೈದುನ ಮೂಳೆ ಕಟ್ಟುವವನು. ಸೊಪ್ಪು, ಬಿದಿರು ದಬ್ಬೆ, ಬಟ್ಟೆ, ಎರಡು ಕೋಳಿಮೊಟ್ಟೆ ಹಿಡಿದು ಬಂದ. ಅಪ್ಪ ಮೊಟ್ಟೆ ನೋಡಿ ಹೌಹಾರಿದರು. ಹುಟ್ಟಿದಾರಭ್ಯ ಅದನ್ನು ಮುಟ್ಟಿದವರಲ್ಲ. "ತಿನ್ನಕ್ಕಲ್ಲ ಸಾಮಿ, ಬಳಿಯಕ್ಕೆ" ಅಂತ ಅವನು ಸಮಾಧಾನ ಮಾಡಿ, ಬಿಳೀ ಲೋಳೆ ಕಲಸಿ ಬಳಿದು ಕಟ್ಟಿಬಿಟ್ಟ. "ಆರು ವಾರ ಈ ಕೈಲಿ ಒಂದು ಕಡ್ಡೀನೂ ಎತ್ತಬ್ಯಾಡಿ," ಅಂದ. ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡು ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು.

ಆರು ವಾರ! ಬೆಂಗಳೂರಿಗೆ ಹೋಗುವ ಜೀಪು ಆಗಲೇ ಬಂದು ನಿಂತಿತ್ತು, ಕಾಗದ ಅದರಲ್ಲೇ ಹೋಗಬೇಕು. ಅಪ್ಪ ಎಡಗೈಯಲ್ಲಿ ಚೀಲದಿಂದ ಕಾಗದ ತೆಗೆದು ಪೆಟ್ಟಿಗೆಯ ಮೇಲಿಟ್ಟು, ಪೆನ್ನು ನನ್ನ ಕಡೆ ಚಾಚಿದರು.

"ತಗೋ. 'ಇಲ್ಲ' ಅಂತಿದೆಯಲ್ಲ, ಅದರ ಮೇಲೆ ಗೀಟು ಎಳಿ."

"ಇಲ್ಲ ಅನ್ನೋದರ ಮೇಲಾ ಅಪ್ಪ?"

"ಕಿವಿ ಕೇಳ್ಸಲ್ವೇನೋ? ನೆಟ್ಟಗೆ ಎಳಿ, ಸೊಟ್ಟ ಹೋಗಬಾರದು."

ಎಳೆದೆ, ಸೊಟ್ಟವೇ ಹೋಯಿತು. ಅವರು ನಾಲಿಗೆಯಲ್ಲಿ ಲೊಚ್ ಅಂದರು. ಆಮೇಲೆ ಮೆಕ್ಯಾನಿಕ್ಕಿನ ಕಡೆ ತಿರುಗಿ, "ಇಂಕ್ ಪ್ಯಾಡ್ ಇದೆಯೇನಪ್ಪ?" ಅಂತ ಕೇಳಿದರು. ಅವನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಆದರೆ ನಂಬಿಕೆ ಬರಲಿಲ್ಲ. ಇಂಕ್ ಪ್ಯಾಡ್ ಎಲ್ಲಿಂದ ಬರಬೇಕು ಅಲ್ಲಿ? ಮೆಕ್ಯಾನಿಕ್ ಇಂಜಿನ್ನಿನಿಂದ ಇಳಿಸಿದ್ದ ಹಳೇ ಆಯಿಲಿನ ಡಬ್ಬಿ ಮುಂದಿಟ್ಟ. ಅಪ್ಪ ಅದನ್ನೊಮ್ಮೆ ನೋಡಿ, ಎಡಗೈ ಹೆಬ್ಬೆಟ್ಟು ಅದ್ದಿದರು.

"ಕೈಗೆ ಏಟಾಗಿದೆ ಅಂತ ಕೆಳಗೆ ಕಾರಣ ಬರೀಲಾ ಅಪ್ಪ?"

"ಬೇಡ. ಹೆಬ್ಬೆಟ್ಟು ಒತ್ತೋನು ಕಾರಣ ಹೇಳಲ್ಲ," ಅಂದರು. "ನಂಬಿ ಒತ್ತುತ್ತಾನೆ, ಅಷ್ಟೇ."

ಒತ್ತಿದರು. ತುಂಬಾ ಹೊತ್ತು ಒತ್ತಿ ಹಿಡಿದಿದ್ದರು. ಸಾಕ್ಷಿ ಬೇಕಲ್ಲ, ಸಾಕ್ಷಿಯಿಲ್ಲದ ಹೆಬ್ಬೆಟ್ಟು ಅವರ ಪ್ರಕಾರ ಸಲ್ಲುವುದಿಲ್ಲ. ಅಭ್ಯಾಸಬಲದಿಂದ ಪಕ್ಕದಲ್ಲಿದ್ದ ಅಜ್ಜಿಯ ಕೈ ಹಿಡಿದು ಆಯಿಲಿನ ಡಬ್ಬಿಯ ಕಡೆ ಎಳೆದರು. ಅಜ್ಜಿ ಕೈ ಕಿತ್ತುಕೊಂಡಳು.

"ಬಿಡಿ ಸಾಮಿ! ನಂಗೆ ಸಹಿ ಬರ್ತದೆ. ಊರಾಗೆ ಸಂಜೆ ಇಸ್ಕೂಲಿಗೆ ಹೋಗಿ ಕಲ್ತಿದೀನಿ." ಪೆನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಐದು ನಿಮಿಷ ತೆಗೆದುಕೊಂಡು ತನ್ನ ಹೆಸರು ಬರೆದಳು. ಬರೆದು ಅಪ್ಪನ ಹೆಬ್ಬೆಟ್ಟನ್ನೂ ತನ್ನ ಸಹಿಯನ್ನೂ ಒಮ್ಮೆ ನೋಡಿ, "ನೀವೂ ಕಲೀರಿ, ಕಷ್ಟ ಏನಿಲ್ಲ" ಅಂದಳು. ಅಪ್ಪ ಅದಕ್ಕೆ ನಕ್ಕರು. ಸಗಣಿ ಮೆತ್ತಿದ ಮುಖದಲ್ಲಿ, ಮೊಟ್ಟೆಯ ಕಟ್ಟು ಎದೆಗವಚಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಮುಂದಿನ ವಾರ ಬೆಂಗಳೂರಿನಲ್ಲಿ ದೊಡ್ಡ ಸಾಹೇಬರು ನನ್ನನ್ನು ಕರೆಸಿದರು. ಫೈಲಿನಲ್ಲಿ ಆ ಕಾಗದ ಇತ್ತು. ಆಯಿಲು ಹರಡಿ ಹೆಬ್ಬೆಟ್ಟಿನ ಸುತ್ತ ಕಾಗದ ಅಂಗೈಯಗಲ ಕಲೆಯಾಗಿತ್ತು. ಅದನ್ನು ತುದಿಬೆರಳಲ್ಲಿ ಎತ್ತಿ ಹಿಡಿದು, ಸ್ವಲ್ಪ ಮೃದುವಾಗಿಯೇ ಕೇಳಿದರು.

"ನಿಮ್ಮ ತಂದೆಗೆ ಓದು ಬರಹ ಬರೋದಿಲ್ವೇನಪ್ಪ?"

"ಬರುತ್ತೆ ಸಾರ್," ಅಂದೆ. "ಮುಳಬಾಗಿಲಿನಲ್ಲಿ ಅವರಷ್ಟು ಚೆನ್ನಾಗಿ ಬರೆಯೋರು ಇನ್ನೊಬ್ಬರಿಲ್ಲ. ಅವತ್ತು ನಾನು ಇಳಿದೆ, ಅವರು ಬಿದ್ರು."